ಚೀಟಿ ಅಕ್ಕ, ಮತ್ತು ಎರಡು ಗಂಟೆಗೆ ಬರುವ ಅಳಿಯ

ಮಧ್ಯಾಹ್ನ ಒಂದೂ ಇಪ್ಪತ್ತು. ಈ ಹೊತ್ತು ನನ್ನ ತಲೆಯೊಳಗೆ ಹೊಕ್ಕು ಸುಮಾರು ಒಂದು ವಾರ ಅಲ್ಲೇ ಕೂತಿತ್ತು. ಮಗಳಿಗೆ ಹಾಲು ಕಾಯಿಸುವಾಗ, ಅವಳ ಉಗುರು ಕತ್ತರಿಸುವಾಗ, ಬಟ್ಟೆ ಹಿಂಡುವಾಗ, ಎಲ್ಲಿಂದಲೋ ಬಂದು ಗೋಡೆಗೆ ಒರಗಿ ನಿಲ್ಲುತ್ತಿತ್ತು. ನಾನು ಮೊದಲೇ ಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮೂರು ಮಹಡಿ ಇಳಿದವಳು ಮತ್ತೆ ಮೂರು ಮಹಡಿ ಹತ್ತುವವಳು. ಮಗು ಹುಟ್ಟಿದ ಮೇಲಂತೂ ಕೇಳಲೇಬೇಡಿ. ಉಸಿರಾಡುತ್ತಿದೆಯೋ ಇಲ್ಲವೋ ಎಂದು ಅದರ ಮೂಗಿನ ಹತ್ತಿರ ಬೆರಳು ಹಿಡಿದು, ಆ ಬೆರಳಿನಿಂದಲೇ ಅದನ್ನು ಎಬ್ಬಿಸಿ ಅಳಿಸಿದ ಪುಣ್ಯಾತ್ಗಿತ್ತಿ. "ನಿನಗೆ ಚಿಂತೆ ಇಲ್ಲ ಅಂದ್ರೆ ಅದೇ ಒಂದು ಚಿಂತೆ" ಎಂದು ನನ್ನ ಗಂಡ ನಗುತ್ತಾರೆ. ಆದರೆ ಆ ಚಿಂತೆಗಳೆಲ್ಲ ಮುಂದೆ ಏನಾದೀತೋ ಎಂಬುದರ ಬಗ್ಗೆ. ಇದು ಆಗಿಹೋದದ್ದರ ಬಗ್ಗೆ.

ಇದನ್ನು ಹೇಳಬೇಕಾದರೆ ಮೊದಲು ಚೀಟಿ ಅಕ್ಕನ ವಿಷಯ ಹೇಳಬೇಕು.

ನಾನು ಕೆಲಸ ಮಾಡುವುದು ಒಂದು ಡಯಾಲಿಸಿಸ್ ಕೇಂದ್ರದಲ್ಲಿ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಸಲವೋ ಮೂರು ಸಲವೋ ಬಂದು, ನಾಲ್ಕು ಗಂಟೆ ಮಲಗಿ, ಮೆಷಿನ್ನಿನಿಂದ ರಕ್ತ ತೊಳೆಸಿಕೊಂಡು ಹೋಗುವ ಜಾಗ. ಅಲ್ಲಿರುವುದು ಎಂಟು ಮೆಷಿನ್. ಯಾರು ಯಾವ ದಿನ, ಯಾವ ಹೊತ್ತು, ಎಷ್ಟನೇ ಮೆಷಿನ್ನಿಗೆ ಎಂದು ಹೊಂದಿಸುವವರು ಲಿಫ್ಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂರುತ್ತಿದ್ದ ಅಕ್ಕ. ಹೆಸರು ಬೇರೆಯೇ ಇತ್ತು, ಆದರೆ ಹಾಜರಿ ಪುಸ್ತಕ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಚೀಟಿ ಅಕ್ಕ.

ಅವರ ಕಂಪ್ಯೂಟರಿನ ಪರದೆಗೆ ನಾಲ್ಕೂ ಕಡೆ ಚೀಟಿಗಳ ಅಂಚು. ಹಳದಿ, ಗುಲಾಬಿ, ಹಳೆ ಕ್ಯಾಲೆಂಡರಿನ ಬಿಳಿ ಬೆನ್ನು. ಕೇಂದ್ರದ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಒಬ್ಬ ರೋಗಿಗೆ ಒಂದು ಹೆಸರು, ಒಂದು ಫೋನ್ ನಂಬರು, ಅಷ್ಟಕ್ಕೇ ಜಾಗ. ಮಿಕ್ಕಿದ್ದೆಲ್ಲ ಚೀಟಿಯಲ್ಲಿ. 'ಮಂಗಳವಾರದ ಟೀಚರ್: ಮಧ್ಯಾಹ್ನ ಬೇಡ, ಮೊಮ್ಮಗುವಿನ ಶಾಲೆ ಬಿಡುವ ಹೊತ್ತು.' 'ದಪ್ಪ ಡ್ರೈವರ್: ಎರಡನೇ ಮೆಷಿನ್ ಕೊಟ್ಟರೆ ಜಗಳ.' 'ಬೀಗದ ಅಜ್ಜ: ಕಣ್ಣು ಕಾಣದು. ಮೆಸೇಜ್ ಉಪಯೋಗವಿಲ್ಲ. ಮಗಳಿಗೇ ಫೋನ್.' ಕೆಳಗೆ ಆ ಮಗಳ ನಂಬರು, ದೊಡ್ಡ ದೊಡ್ಡ ಅಂಕಿಗಳಲ್ಲಿ. ಅಜ್ಜ ಹಿಂದೆ ಬೀಗ ರಿಪೇರಿ ಮಾಡುತ್ತಿದ್ದವರು.

ಅಕ್ಕ ಇಲ್ಲಿಗೆ ಬರುವ ಮೊದಲು ಹತ್ತು ವರ್ಷ ಲಾಂಡ್ರಿಯಲ್ಲಿದ್ದರು. ಬಂದ ಬಟ್ಟೆಗೆಲ್ಲ ನಂಬರಿನ ಚೀಟಿ ಪಿನ್ನು ಮಾಡುವ ಕೆಲಸ. "ನೂರು ಬಿಳಿ ಅಂಗಿ ಒಂದೇ ನೀರಲ್ಲಿ ಮುಳುಗಿ ಏಳುತ್ತೆ ಕಣೇ. ಚೀಟಿ ಇಲ್ಲದಿದ್ರೆ ಯಾವುದು ಯಾರ ಮೈದು ಅಂತ ದೇವರಿಗೂ ಗೊತ್ತಾಗಲ್ಲ. ಇಲ್ಲೂ ಅದೇ ಕೆಲಸ, ತೊಳೆಯೋದು ಮಾತ್ರ ಬೇರೆ" ಎನ್ನುತ್ತಿದ್ದರು. ದಾರ ಕಟ್ಟಿದ ಕನ್ನಡಕ, ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲು. ಗಂಡ ತೀರಿಕೊಂಡು ಹದಿನೈದು ವರ್ಷ, ಮಕ್ಕಳಿಲ್ಲ. ಮನೆಯಲ್ಲಿ ಅತ್ತೆ ಮಾತ್ರ. ಆ ಮುದುಕಿಗೆ ಮರೆವಿನ ಕಾಯಿಲೆ, ಸೊಸೆಯನ್ನೇ ದಿನಾ ಬೆಳಗ್ಗೆ "ನೀನು ಯಾರ ಪೈಕಿ?" ಎಂದು ಕೇಳುತ್ತಿದ್ದರು. "ಗಂಡನ್ನ ಕೊಟ್ಟ ದೇವರು ವಾಪಸ್ ತಗೊಂಡ, ಅತ್ತೇನ ಮಾತ್ರ ಮರೆತು ಬಿಟ್ಟುಹೋದ" ಎಂದು ಅಕ್ಕ ನಗುತ್ತಿದ್ದರು. ನಗುತ್ತಲೇ ಗಡಿಯಾರ ನೋಡಿ, ಪಕ್ಕದ ಮನೆಯವರಿಗೆ ಫೋನ್ ಹಚ್ಚಿ, ಮುದುಕಿ ಉಂಡಿತೇ ಎಂದು ವಿಚಾರಿಸುತ್ತಿದ್ದರು.

ಅವರದೊಂದು ಪದ್ಧತಿ. ಯಾರದೇ ಹೊತ್ತು ಬದಲಾಯಿಸಲಿ, ಮೊದಲು ಫೋನ್ ಮಾಡಬೇಕು, ಹೇಳಬೇಕು, ಆಮೇಲೆ "ತಿರುಗಿ ಹೇಳಿ" ಎನ್ನಬೇಕು. ಆ ಕಡೆಯವರು "ಶನಿವಾರ ಬೆಳಗ್ಗೆ ಏಳು" ಎಂದು ತಮ್ಮ ಬಾಯಿಂದಲೇ ಹೇಳಿದರೆ ಮಾತ್ರ ಅಕ್ಕನ ಬೆರಳು ಗುಂಡಿ ಒತ್ತುತ್ತಿತ್ತು. ನಾನು ಪಕ್ಕದ ಕುರ್ಚಿಯಲ್ಲಿ ಮೂರು ವರ್ಷ ಕೂತು ಇದನ್ನು ಕಲಿತೆ. "ಹೂಂ ಅಂದ್ರೆ ಕೇಳಿಸಿದೆ ಅಂತಲ್ಲ" ಎನ್ನುತ್ತಿದ್ದರು. "ನಾನೂ ಮದುವೇಲಿ ಹೂಂ ಅಂದಿದ್ದೆ. ಏನು ಕೇಳಿಸಿಕೊಂಡಿದ್ದೆ?"

ಮಗಳು ಹುಟ್ಟಿದ ಮೇಲೆ ನನಗೆ ಕೇಂದ್ರಕ್ಕೆ ಹೋಗಲು ಆಗಲಿಲ್ಲ. ಆಗ ಮ್ಯಾನೇಜರ್ ಹೊಸದೊಂದು ಏರ್ಪಾಡು ತಂದರು. ಅಕ್ಕನ ಕಂಪ್ಯೂಟರನ್ನು ದೂರದಿಂದ ಒಂದು ಎಐ ಏಜೆಂಟ್ ನಡೆಸುತ್ತದೆ, ನಾನು ಮನೆಯಲ್ಲಿ ಕೂತು ಅದರ ಮೇಲೆ ಕಣ್ಣಿಟ್ಟಿರಬೇಕು. ಆ ಹಳೆ ಸಾಫ್ಟ್‌ವೇರಿಗೆ ಹೊಸತನ್ನು ಜೋಡಿಸಲು ಬೇರೆ ದಾರಿಯೇ ಇರಲಿಲ್ಲ. ಏಜೆಂಟ್ ಮನುಷ್ಯರ ಹಾಗೆಯೇ ಪರದೆ ನೋಡುತ್ತದೆ, ಓದುತ್ತದೆ, ಮೌಸಿನ ಬಾಣ ನಡೆಸಿ ಗುಂಡಿ ಒತ್ತುತ್ತದೆ. ಬೆಳಗ್ಗೆ ಅಕ್ಕನ ಪಾಳಿ, ಮಧ್ಯಾಹ್ನ ಎರಡರಿಂದ ಐದು ಅದರದು. ಆ ಹೊತ್ತಿನಲ್ಲಿ ಅಕ್ಕ ಕೌಂಟರಿನಲ್ಲಿ ರೋಗಿಗಳನ್ನು ಮಾತಾಡಿಸಬಹುದು, ಮೌಸ್ ಮುಟ್ಟುವ ಹಾಗಿಲ್ಲ.

"ಏಜೆಂಟ್ ಅಂದ್ರೆ? ವಿಮೆ ಮಾಡಿಸು ಅಂತ ಬೆನ್ನು ಹತ್ತುತ್ತಾನಲ್ಲ, ಅವನಾ?"

"ಅಲ್ಲ ಅಕ್ಕ, ಇದು ಮನುಷ್ಯ ಅಲ್ಲ."

"ಅವನೂ ಅಲ್ಲ ಬಿಡು."

ಮೊದಲ ದಿನ ಬಾಣ ತಾನೇ ತಾನಾಗಿ ಓಡಾಡಿದ್ದನ್ನು ನೋಡಿ ಅಕ್ಕ ಕುರ್ಚಿ ಹಿಂದಕ್ಕೆ ಸರಿಸಿಕೊಂಡರಂತೆ. ವಾರದೊಳಗೆ ಅದಕ್ಕೊಂದು ಹೆಸರಿಟ್ಟರು, ಅಳಿಯ. "ಎರಡು ಗಂಟೆಗೆ ಬರ್ತಾನೆ, ಬಂದ ತಕ್ಷಣ ಕುರ್ಚಿ ಬಿಡಬೇಕು, ಅವನ ಸಾಮಾನು ಮುಟ್ಟೋ ಹಾಗಿಲ್ಲ, ಎದುರು ಮಾತಾಡೋ ಹಾಗಿಲ್ಲ. ಅಳಿಯ ಅಲ್ದೆ ಇನ್ನೇನು? ಮಗಳೇ ಇಲ್ಲದೋಳಿಗೆ ಬಿಟ್ಟಿ ಸಿಕ್ಕಿದ."

ಆದರೆ ಅಳಿಯನ ದೊಡ್ಡ ಕೊರತೆಯನ್ನು ಮೊದಲು ಕಂಡುಹಿಡಿದದ್ದೂ ಅವರೇ. "ಅಲ್ಲ ಕಣೇ, ಇವನು ಗಾಜಿನ ಒಳಗಿಂದ ನೋಡ್ತಾನೆ. ನನ್ನ ಚೀಟಿ ಇರೋದು ಗಾಜಿನ ಹೊರಗೆ. ಇವನಿಗೆ ಕಾಣೋದು ಹೇಗೆ?" ನನಗೂ ಮ್ಯಾನೇಜರಿಗೂ ಅದುವರೆಗೆ ಹೊಳೆದಿರಲಿಲ್ಲ. ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಇನ್ನೂ ಯಾರಿಗೂ ಪುರುಸೊತ್ತಾಗಿರಲಿಲ್ಲ. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡೆವು. ಯಾರದೇ ಹೊತ್ತು ಬದಲಾಯಿಸುವ ಮೊದಲು ಏಜೆಂಟ್ ನಿಂತು ನನ್ನ ಒಪ್ಪಿಗೆ ಕೇಳಬೇಕು. ನಾನು ಅಕ್ಕನಿಗೆ ಫೋನ್ ಮಾಡಬೇಕು. ಅಕ್ಕ ಚೀಟಿ ನೋಡಿ, ಬೇಕಾದವರಿಗೆ ಫೋನ್ ಮಾಡಿ, "ಹೂಂ, ಒತ್ತಲಿ" ಎಂದ ಮೇಲೆ ನಾನು ಒಪ್ಪಿಗೆ ಕೊಡಬೇಕು. ನಾಲ್ಕು ತಿಂಗಳು ಇದು ಗಾಣದೆತ್ತಿನ ಹಾಗೆ ತಪ್ಪದೆ ನಡೆಯಿತು.

ಆ ಸೋಮವಾರ ಮಗಳಿಗೆ ಜ್ವರ. ಹಿಂದಿನ ದಿನದಿಂದ ಹೆಗಲು ಬಿಟ್ಟು ಇಳಿದಿರಲಿಲ್ಲ. ಹನ್ನೆರಡೂವರೆಗೆ ಮ್ಯಾನೇಜರ್ ನಮ್ಮಿಬ್ಬರಿಗೂ ಕಳಿಸಿದ ಸಂದೇಶ ಬಂತು. ನಾಲ್ಕನೇ ಮೆಷಿನ್ನಿನ ನೀರಿನ ಪೈಪು ಸೋರುತ್ತಿದೆ, ಗುರುವಾರ ಶುಕ್ರವಾರ ಬಿಚ್ಚುತ್ತಾರೆ, ಆ ಎರಡು ದಿನದ ಆರು ಜನರನ್ನು ಬೇರೆ ಹೊತ್ತಿಗೆ ಹೊಂದಿಸಿ. ಒಂದು ಗಂಟೆ ಆಗುವುದರೊಳಗೆ ಅಕ್ಕ ಮೂರು ಜನರಿಗೆ ಫೋನ್ ಮಾಡಿ, ತಿರುಗಿ ಹೇಳಿಸಿ, ಮುಗಿಸಿದ್ದು ನನ್ನ ಪರದೆಯಲ್ಲಿ ಕಾಣುತ್ತಿತ್ತು. ಮೂರು ಬಾಕಿ.

ಒಂದು ಗಂಟೆಗೆ ಮಗಳು ಅಂತೂ ಮಲಗಿದಳು. ಮಕ್ಕಳನ್ನು ಸಾಕಿದವರಿಗೆ ಈ ಲೆಕ್ಕ ಗೊತ್ತು. ಮಲಗಿದ್ದು ಒಂದಕ್ಕೆ ಎಂದರೆ ಎರಡಕ್ಕೆ ಎದ್ದೇಳುತ್ತದೆ. ಸರಿಯಾಗಿ ಕೆಲಸ ಶುರುವಾಗುವ ಹೊತ್ತಿಗೆ. ಈಗಲೇ ಆ ಮೂರನ್ನು ಮುಗಿಸಿಬಿಟ್ಟರೆ ಎರಡಕ್ಕೆ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋಗಬಹುದು ಎನ್ನಿಸಿತು. ಏಜೆಂಟನ್ನು ಎಬ್ಬಿಸಿದೆ. ಅದು ಮೊದಲನೆಯವರ ಹತ್ತಿರ ನಿಂತು ಒಪ್ಪಿಗೆ ಕೇಳಿತು. ಅಕ್ಕನ ಮೇಜಿನ ಫೋನಿಗೆ ಮಾಡಿದೆ. ಎತ್ತಲಿಲ್ಲ. ಊಟದ ಹೊತ್ತು. ಕೋಣೆಯಲ್ಲಿ ಮಗಳು ಮುಲುಗಿದಳು. ಒಪ್ಪಿಗೆಯ ಗುಂಡಿಯ ಕೆಳಗೆ ಇನ್ನೊಂದು ಚಿಕ್ಕ ಚೌಕ ಇತ್ತು, 'ಈ ಕೆಲಸ ಮುಗಿಯುವವರೆಗೆ ಮತ್ತೆ ಕೇಳಬೇಡ'. ನಾಲ್ಕು ತಿಂಗಳು ನೋಡಿಯೂ ಮುಟ್ಟಿರಲಿಲ್ಲ. ಅದಕ್ಕೆ ಗುರುತು ಹಾಕಿ, ಒಪ್ಪಿಗೆ ಒತ್ತಿ, ಮಗುವಿನ ಹತ್ತಿರ ಓಡಿದೆ.

ಬೆನ್ನು ತಟ್ಟಿ ಬರುವಷ್ಟರಲ್ಲಿ ಮೂರೂ ಮುಗಿದಿತ್ತು. ಏಜೆಂಟಿನದು ಒಂದು ಚೂರೂ ತಪ್ಪಿಲ್ಲ. ಹೇಳಿದ್ದನ್ನು ಮಾಡಿತ್ತು. ಖಾಲಿ ಹೊತ್ತು ಹುಡುಕಿ ಹೆಸರು ಕೂರಿಸಿತ್ತು, ಪರದೆಯಲ್ಲಿದ್ದ ನಂಬರಿಗೆ ಮೆಸೇಜ್ ಕಳಿಸಿತ್ತು. ಮೂರನೆಯವರು ಬೀಗದ ಅಜ್ಜ. ಗುರುವಾರ ಬೆಳಗ್ಗೆಯವರು ಬುಧವಾರ ಸಂಜೆಗೆ ಸರಿದಿದ್ದರು. ನಾನು ಹೆಸರುಗಳನ್ನು ಸರಿಯಾಗಿ ನೋಡಲೇ ಇಲ್ಲ. ಎರಡಕ್ಕೆ ಅಕ್ಕನಿಗೆ 'ಇವತ್ತು ಬಾಕಿ ಏನೂ ಇಲ್ಲ ಅಕ್ಕ, ಮಗೂನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ' ಎಂದು ಸಂದೇಶ ಹಾಕಿ ಹೊರಟೆ.

ಅಕ್ಕ ಊಟಕ್ಕೆ ಏಳುವಾಗ ಪರದೆ ಆರಿಸಿ ಹೋಗುತ್ತಿದ್ದರು, ಕರೆಂಟು ಉಳಿಯಲಿ ಎಂದು. ಕತ್ತಲಾದ ಪರದೆಯ ಹಿಂದೆ ಬಾಣ ಓಡಾಡಿದ್ದನ್ನು ಯಾರೂ ನೋಡಲಿಲ್ಲ. ಬಂದು ಹಚ್ಚಿದಾಗ ಆರೂ ಜನ ಸರಿದು ಕೂತಿದ್ದಾರೆ. ನಾನೋ ಬಾಕಿ ಇಲ್ಲ ಎಂದಿದ್ದೇನೆ. ಆ ಗಡಿಬಿಡಿಯಲ್ಲಿ ಆರನ್ನೂ ತಾನೇ ಮುಗಿಸಿರಬೇಕು ಎಂದು ಅಕ್ಕ ಅಂದುಕೊಂಡರು.

ಬೀಗದ ಅಜ್ಜ ಬುಧವಾರ ಸಂಜೆ ಬರಲಿಲ್ಲ. ಮೆಸೇಜ್ ಅವರ ಜೇಬಿನಲ್ಲೇ ಇತ್ತು, ಓದುವ ಕಣ್ಣಿರಲಿಲ್ಲ. ಸಂಜೆ ಪಾಳಿಯವರು 'ಗೈರುಹಾಜರು' ಎಂದು ಹಾಕಿದರು. ಗುರುವಾರ ಬೆಳಗ್ಗೆ ಅಜ್ಜನ ಮಗಳು ಎಂದಿನಂತೆ ಅವರನ್ನು ಲಿಫ್ಟಿಗೆ ಹತ್ತಿಸಿ ತನ್ನ ಕೆಲಸಕ್ಕೆ ಹೋದಳು. ಅಜ್ಜ ಕೋಲು ಊರಿಕೊಂಡು ಬಂದು ನೋಡಿದರೆ ನಾಲ್ಕನೇ ಮೆಷಿನ್ ತುಂಡು ತುಂಡಾಗಿ ನೆಲದ ಮೇಲಿದೆ. ಉಳಿದ ಏಳೂ ಭರ್ತಿ. ಅಕ್ಕ ನರ್ಸ್‌ಗಳ ಹಿಂದೆ, ಡಾಕ್ಟರ ಹಿಂದೆ ಅಲೆದು ಶುಕ್ರವಾರ ಸಂಜೆಗೆ ಒಂದು ಜಾಗ ಗಿಟ್ಟಿಸಿದರು. "ಪರವಾಗಿಲ್ಲಮ್ಮ" ಎಂದರಂತೆ ಅಜ್ಜ, "ಬೀಗಾನೂ ಒಂದೊಂದ್ಸಲ ಎರಡನೇ ತಿರುವಿಗೇ ತೆಗೆಯೋದು." ಶುಕ್ರವಾರ ಬೆಳಗ್ಗೆ ಹಲ್ಲುಜ್ಜುತ್ತಿದ್ದವರಿಗೆ ಉಸಿರು ಕಟ್ಟಿತು. ದೊಡ್ಡಾಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಅಷ್ಟೇ. ಎದ್ದು ಕೂರುತ್ತಿಲ್ಲ, ಮಗಳ ದನಿ ಗುರುತಿಸುತ್ತಿಲ್ಲ.

ಅಜ್ಜನ ಮಗಳು ದೂರು ಬರೆದುಕೊಟ್ಟಳು. ಮ್ಯಾನೇಜರ್ ದಾಖಲೆ ತೆಗೆದು ನೋಡಿದರು. ಬದಲಾಯಿಸಿದವರು ಎಂಬಲ್ಲಿ ಅಕ್ಕನ ಹೆಸರು, ಸೋಮವಾರ, ಒಂದೂ ಇಪ್ಪತ್ತು. ಏಜೆಂಟ್ ಕೆಲಸ ಮಾಡುವುದು ಅಕ್ಕನ ಕಂಪ್ಯೂಟರಿನಲ್ಲಿ, ಅಕ್ಕನ ಹೆಸರಿನಲ್ಲೇ. ಯಾರ ಬೆರಳು ಎಂದು ಹೇಳುವುದು ಹೊತ್ತು ಒಂದೇ. ಎರಡಕ್ಕೆ ಮೊದಲು ಅಕ್ಕ, ಆಮೇಲೆ ಅಳಿಯ.

ಮ್ಯಾನೇಜರ್ ನನಗೆ ಫೋನ್ ಮಾಡಿದರು. "ಅಲ್ಲಮ್ಮ, ನಿಮ್ಮ ಏಜೆಂಟ್ ಕೆಲಸ ಶುರು ಮಾಡೋದು ಎರಡರ ಮೇಲೆ ತಾನೇ?"

"ಹೌದು ಸರ್" ಎಂದೆ.

ಅದು ಸುಳ್ಳಲ್ಲ. ಶುರು ಮಾಡುವುದು ಎರಡಕ್ಕೇ. ಅವತ್ತೊಂದು ದಿನ ಯಾವಾಗ ಶುರು ಮಾಡಿತು ಎಂದು ಅವರು ಕೇಳಲಿಲ್ಲ. ಏಜೆಂಟ್ ಇಟ್ಟ ಹೆಜ್ಜೆ ಹೆಜ್ಜೆಯ ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲಿತ್ತು, ಅಂಥದೊಂದು ಪಟ್ಟಿ ಇರುತ್ತದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಫೋನ್ ಇಟ್ಟು ನೋಡಿದರೆ ನನ್ನ ಎಡಗೈ ಹೆಗಲು ಸವರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ.

ಗಂಡನಿಗೆ ಹೇಳಿದೆ. "ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀಯ. ಕೇಳದ್ದನ್ನ ನೀನಾಗಿ ಹೋಗಿ ಹೇಳಿದ್ರೆ ಕೆಲಸ ಹೋಗುತ್ತೆ. ಅಷ್ಟೇ ಅಲ್ಲ, ದೂರು ನಿನ್ನ ಮೇಲೆ ತಿರುಗುತ್ತೆ. ಮಗು ಇದೆ, ಯೋಚನೆ ಮಾಡು" ಎಂದರು. ಯೋಚನೆ ಮಾಡು ಎಂದು ನನಗೆ ಹೇಳಬೇಕೇ? ಪೊಲೀಸರು ಬಾಗಿಲು ಬಡಿದ ಹಾಗೆ, ಮಗಳನ್ನು ಯಾರ ಕೈಗೋ ಕೊಟ್ಟು ನಾನು ಮೆಟ್ಟಿಲಿಳಿದ ಹಾಗೆ, ಅವಳು ಮುಂದೆ ನನ್ನನ್ನೇ "ನೀನು ಯಾರ ಪೈಕಿ" ಎಂದು ಕೇಳಿದ ಹಾಗೆ, ಎಲ್ಲ ಯೋಚಿಸಿ ಮುಗಿಸಿದ್ದೆ. ಒಂದನ್ನು ಬಿಟ್ಟು. ಅಕ್ಕ ಏನು ಯೋಚಿಸುತ್ತಿದ್ದಾರೆ ಎಂಬುದನ್ನು.

ಅದು ತಿಳಿದದ್ದು ಮುಂದಿನ ಬುಧವಾರ. ಬಾಗಿಲ ಗಂಟೆ ಬಾರಿಸಿತು, ನೋಡಿದರೆ ಅಕ್ಕ. ಕೈಯಲ್ಲಿ ಮಗುವಿಗೆಂದು ಹೆಣೆದ ಟೊಪ್ಪಿಗೆ. ಅದಕ್ಕೂ ಪಿನ್ನಿನಲ್ಲಿ ಒಂದು ಚೀಟಿ, 'ಬಿಸಿನೀರಲ್ಲಿ ಒಗೆಯಬೇಡ'.

"ಜ್ವರ ಬಿಡ್ತಾ ಕೂಸಿಗೆ?"

"ಬಿಡ್ತು ಅಕ್ಕ. ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ಬೇಡ. ಅತ್ತೇನ ಒಬ್ರನ್ನೇ ಬಿಟ್ಟು ಬಂದಿದ್ದೀನಿ." ಆದರೂ ಕೂತರು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮುಖ ನೋಡುತ್ತಾ ಹೇಳಿದರು. "ಶುಕ್ರವಾರ ಮಧ್ಯಾಹ್ನ ಸಹಿ ಹಾಕೋಕೆ ಕರೆದಿದ್ದಾರೆ. ನನ್ನ ಅಜಾಗರೂಕತೆಯಿಂದ ಹೀಗಾಯ್ತು, ನಾನಾಗೇ ಕೆಲಸ ಬಿಡ್ತಿದ್ದೀನಿ ಅಂತ ಕಾಗದ. ಹಾಕ್ತೀನಿ. ಕೆಲಸ ಹೋಗೋದಕ್ಕಲ್ಲ ಕಣೇ ಸಂಕಟ."

"ಮತ್ತೆ?"

"ನನಗೆ ನೆನಪಿಲ್ಲ." ಅವರ ದನಿ ಇಳಿಯಿತು. "ಮೂರು ಜನಕ್ಕೆ ಫೋನ್ ಮಾಡಿದ್ದು ಚೆನ್ನಾಗಿ ನೆನಪಿದೆ. ಇನ್ನು ಮೂರು ಮಾಡಿದ್ದು ನೆನಪೇ ಇಲ್ಲ. ಒಂದೂ ಇಪ್ಪತ್ತಕ್ಕೆ ನಾನು ಡಬ್ಬಿ ತೊಳೀತಾ ಇದ್ದೆ ಅಂತ ನನ್ನ ಲೆಕ್ಕ. ಆದ್ರೆ ದಾಖಲೆಯಲ್ಲಿ ನನ್ನ ಹೆಸರಿದೆ. ಅಂದ್ರೆ ಬಂದು ಕೂತು, ಒತ್ತಿ, ಮರೆತಿದ್ದೀನಿ. ಅತ್ತೆ ಕಾಯಿಲೆ ಸೊಸೆಗೆ ಬರಲ್ಲ ಅಂತ ಧೈರ್ಯವಾಗಿದ್ದೆ. ಒಂದೇ ಪಾತ್ರೇಲಿ ಉಂಡೋರಿಗೆ ಅಂಟುತ್ತೋ ಏನೋ." ನಗಲು ನೋಡಿದರು, ಆಗಲಿಲ್ಲ.

ಬೇಡವೆಂದರೂ ಕಾಫಿಗಿಡುತ್ತೇನೆಂದು ಅಡುಗೆಮನೆಗೆ ಹೋಗಿ ಎರಡು ನಿಮಿಷ ನಿಂತು ಬಂದಾಗ ಅಕ್ಕ ಮಾತು ಮುಂದುವರಿಸಿದರು.

"ಒಂದು ಕ್ಷಣ ನಮ್ಮ ಅಳಿಯನ ಮೇಲೆ ಅನುಮಾನ ಬಂತು. ಆಮೇಲೆ ಅಂದ್ಕೊಂಡೆ, ಪಾಪ, ಅವನು ಬರೋದೇ ಎರಡಕ್ಕೆ. ಊರಲ್ಲೇ ಇಲ್ಲದೋನ ಮೇಲೆ ಕಳ್ಳತನ ಹೊರಿಸಬಾರದು."

ಮಗುವನ್ನು ಕೊಟ್ಟು ಎದ್ದರು. ಚಪ್ಪಲಿ ಮೆಟ್ಟುವಾಗ ಕೈಚೀಲ ಜಾರಿ ಬಿತ್ತು. ಕೀಲಿಗೊಂಚಲು, ಕನ್ನಡಕದ ಡಬ್ಬಿ, ಒಂದು ಹಳದಿ ಚೀಟಿ. ಎತ್ತಿಕೊಡಲು ಬಗ್ಗಿದೆ. ಚೀಟಿಯಲ್ಲಿ ಅಕ್ಕನದೇ ಅಕ್ಷರ. ಅವರ ಹೆಸರು, ಮನೆ ನಂಬರು, ಬೀದಿ, ಪಕ್ಕದ ಮನೆಯವರ ಫೋನು. ಕೆಳಗೆ, 'ದಾರಿ ತಪ್ಪಿದ್ದರೆ ದಯವಿಟ್ಟು ಇಲ್ಲಿಗೆ ತಲುಪಿಸಿ'.

"ಇರ್ಲಿ ಅಂತ" ಎಂದು ಅದನ್ನು ನನ್ನ ಕೈಯಿಂದ ಮೆಲ್ಲನೆ ತೆಗೆದುಕೊಂಡರು.

ಗುರುವಾರ ಹೇಗೆ ಕಳೆಯಿತೋ. ಹಾಲು ಎರಡು ಸಲ ಉಕ್ಕಿತು. ಹೆಜ್ಜೆಗಳ ಪಟ್ಟಿ ತೆರೆದು ನೋಡಿದೆ, ಮುಚ್ಚಿದೆ. ಅಳಿಸಿಬಿಡಬಹುದಿತ್ತು, ಅದಕ್ಕೂ ಒಂದು ಗುಂಡಿ ಇತ್ತು. ಶುಕ್ರವಾರ ಹನ್ನೊಂದಾಯಿತು, ಹನ್ನೆರಡಾಯಿತು. ಮಗಳು ಹೊಸ ಟೊಪ್ಪಿಗೆ ಕಿತ್ತು ಬಾಯಿಗಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ನಾನು ಅದರ ಚೀಟಿ ಬಿಚ್ಚಿರಲಿಲ್ಲ. ಪಿನ್ನು! ಹಾರಿ ಹೋಗಿ ಕಿತ್ತುಕೊಂಡೆ. ಪಿನ್ನು ಇರಲಿಲ್ಲ, ದಾರದ ಒಂದು ಹೊಲಿಗೆ ಇತ್ತು. ಆ ದಿನ ಕೂತಲ್ಲೇ, ಮಗು ಕೈಯಾಡಿಸೀತು ಎಂದು ಅಕ್ಕ ಪಿನ್ನು ತೆಗೆದು ಚೀಟಿಯನ್ನು ಹೊಲಿದು ಹೋಗಿದ್ದರು. ನಾನು ಕಾಫಿಯ ನೆವದಲ್ಲಿ ಅಡುಗೆಮನೆಯಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದ ಆ ಎರಡು ನಿಮಿಷದಲ್ಲಿ ಇರಬೇಕು.

ಮರೆವು ಬಂದವರು ಇದನ್ನು ಮಾಡುತ್ತಾರೆಯೇ?

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಕೇಂದ್ರದ ಮೇಜಿನ ಫೋನಿಗೆ ಮಾಡಿದೆ. ಎರಡು ಸಲ ರಿಂಗಾಯಿತು. ಮೂರನೆಯದಕ್ಕೆ ಎತ್ತಿದರು.

"ಡಯಾಲಿಸಿಸ್ ಕೇಂದ್ರ, ಹೇಳಿ."

"ಅಕ್ಕ, ನಾನು. ಸಹಿ ಹಾಕಿದ್ರಾ?"

"ಈಗ ಪೆನ್ನು ಕೊಟ್ಟರು. ಯಾಕೇ, ಕೂಸು ಹುಷಾರಾಗಿದೆಯಾ?"

"ಹಾಕಬೇಡಿ. ಒಂದೂ ಇಪ್ಪತ್ತಕ್ಕೆ ಒತ್ತಿದ್ದು ನೀವಲ್ಲ. ಅವತ್ತು ನಾನು ಏಜೆಂಟನ್ನ ಒಂದೂ ಹತ್ತಕ್ಕೇ ಶುರು ಮಾಡಿದ್ದೆ. ನಿಮ್ಮನ್ನ ಕೇಳದೇನೇ ಒಪ್ಪಿಗೆ ಕೊಟ್ಟಿದ್ದೆ. ಪಟ್ಟಿ ನನ್ನ ಹತ್ರ ಇದೆ. ನೀವು ಡಬ್ಬಿ ತೊಳೀತಾ ಇದ್ರಿ ಅಕ್ಕ. ನಿಮ್ಮ ನೆನಪು ಸರಿಯಾಗೇ ಇದೆ."

ಆ ಕಡೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಯಾರೋ ಕೆಮ್ಮಿದರು. ಅಕ್ಕ ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ತಡಿ. ಸಾಹೇಬ್ರು ಎದುರಿಗೇ ಇದ್ದಾರೆ. ಬೀಗದ ಅಜ್ಜನ ಮಗಳೂ ಇದ್ದಾಳೆ" ಎಂದರು. ಫೋನಿನ ಸ್ಪೀಕರ್ ಹಾಕಿದ ಟಕ್ ಸದ್ದು. ಅವರ ದನಿ ಈಗ ದೂರದಿಂದ, ಒಂದು ಇಡೀ ಕೋಣೆಯ ಜೊತೆಗೆ ಬಂತು.

"ಹೂಂ. ಈಗ ತಿರುಗಿ ಹೇಳು."